ಮೋಹಕ ಬಲೆಗೆ ಬೀಳುವುದು ಗಂಡು ನೊಣ ಮಾತ್ರ

ಮಾವಿನ ತೋಟದಲ್ಲಿ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಕೊಲ್ಲುವ ಬಲೆ) ಕಟ್ಟಿದರೆ ಹಣ್ಣು ನೊಣದ ಕಾಟ ತಪ್ಪುತ್ತದೆ ಎಂದು ಲೇಖನವೊಂದರಲ್ಲಿ ಬಂದ ಮಾತು ಬಹುಮಟ್ಟಿಗೆ ಸರಿಯಾದರೂ, ಆ ಬಲೆಗೆ ಬೀಳುವುದು ಗಂಡು ನೊಣಗಳು ಮಾತ್ರ ಎಂಬ ಮುಖ್ಯ ಸಂಗತಿ ಬಿಟ್ಟುಹೋಗಿದೆ. ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುವ ಹೆಣ್ಣು ನೊಣ, ಬಲೆಯಲ್ಲಿ ಮೋಹಕವಾಗಿ ಇಡುವ ಮೀಥೈಲ್ ಯೂಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ಹೆಚ್ಚುಕಡಿಮೆ ಓಗೊಡುವುದೇ ಇಲ್ಲ. ಪ್ರಾಯಕ್ಕೆ ಬಂದ ಗಂಡು ನೊಣವಾದರೋ ಅದನ್ನು ಅರಸಿ ಬಂದು, ಸೊಂಡಿಲು ಚಾಚಿ ಹೀರಿ, ದೇಹದೊಳಗೆ ಮಾರ್ಪಡಿಸಿ ಗುದಗ್ರಂಥಿಯಲ್ಲಿ ಕೂಡಿಟ್ಟುಕೊಂಡು, ಮುಸ್ಸಂಜೆಯಲ್ಲಿ ಹೆಣ್ಣನ್ನು ಸೆಳೆಯಲು ಹೊರಸೂಸುತ್ತದೆ. ಹೀಗೆ ಹೀರಿದ ಗಂಡಿಗೆ ಸಂಗಾತಿ ಸಿಗುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಹೀರಿದ ಗಂಡು ಬದುಕಿ ಹೊರಹೋಗದಂತೆ, ಬಲೆಯೊಳಗೆ ಮೋಹಕ ಹೀರಿಸಿಟ್ಟ ಪ್ಲೈವುಡ್ ತುಂಡಿನಲ್ಲಿ ಕೀಟನಾಶಕವೂ ಇಂಗಿರಲೇಬೇಕು.

1912ರಲ್ಲೇ ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ ಅವರು, ಮೀಥೈಲ್ ಯೂಜಿನಾಲ್ ಅಂಶವಿರುವ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು ಪ್ರಕಟಿಸಿದ್ದರು ಎಂಬುದು ನಮ್ಮ ರೈತರಿಗೆ ತಿಳಿದಿರಬೇಕಾದ ವಿಷಯ. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಿಂದ ಈ ನೊಣವನ್ನು ಇದೇ ಮೋಹಕದಿಂದ ಪೂರ್ತಿಯಾಗಿ ನಿರ್ಮೂಲ ಮಾಡಲಾಯಿತು. ಆದರೆ ಅದು ಸುತ್ತ ಕಡಲಿರುವ ನೆಲ. ತೋಟಗಳು ಒಂದಕ್ಕೊಂದು ತಾಗಿಕೊಂಡಿರುವ, ಮಾವಿಗೆ ಹೆಸರಾದ ಶ್ರೀನಿವಾಸಪುರದಂತಹ ಕಡೆ, ಒಂದೇ ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದಾದ್ದರಿಂದ ಮತ್ತು ಈಗಾಗಲೇ ಕೂಡಿದ ಹೆಣ್ಣುಗಳು ಪಕ್ಕದ ತೋಟದಿಂದ ಹಾರಿ ಬರುವುದರಿಂದ, ಒಬ್ಬರೇ ಬಲೆ ಕಟ್ಟಿದರೆ ಫಲ ಕಡಿಮೆ. ಅಕ್ಕಪಕ್ಕದವರೆಲ್ಲ ಕಾಯಿ ಬಲಿಯುವ ಮೊದಲೇ ಕಟ್ಟಬೇಕು, ಉದುರಿದ ಹಣ್ಣುಗಳನ್ನು ಆಯ್ದು ನಾಶಪಡಿಸಬೇಕು, ಏಕೆಂದರೆ ಹುಳುಗಳು ಅವುಗಳಿಂದಲೇ ಮಣ್ಣಿಗಿಳಿದು ಕೋಶವಾಗುತ್ತವೆ. ಹೆಣ್ಣುಗಳಿಗೆ ಮೊಟ್ಟೆ ಬಲಿಯಲು ಪ್ರೋಟೀನ್ ಬೇಕಾಗಿರುವುದರಿಂದ ಪ್ರೋಟೀನ್ ಬೆರೆಸಿದ ವಿಷದ ಆಮಿಷವನ್ನೂ ಜೊತೆಗೆ ಬಳಸುವುದು ಒಳ್ಳೆಯದು. ಹಾಗಲ, ಹೀರೆ, ಸೌತೆ ಬೆಳೆಯುವವರು ಮಾತ್ರ ಕ್ಯೂಲೂರ್ ಎಂಬ ಬೇರೆ ಮೋಹಕ ಇರುವ ಬಲೆಯನ್ನೇ ಕೇಳಿ ಪಡೆಯಬೇಕು; ಆ ಬಳ್ಳಿಗಳಿಗೆ ಮುತ್ತುವ ನೊಣವನ್ನು ಮಾವಿನ ಬಲೆ ಸೆಳೆಯುವುದಿಲ್ಲ.