ಬೂಮರ್ ಅಂದ್ರೆ ಚೂಯಿಂಗ್ ಗಮ್ ಅಲ್ವಾ?

ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ 80 ರೂಪಾಯಿಯ ಆಲೂಗಡ್ಡೆ ತಗೊಂಡೆ. ದುಡ್ಡು ಕೊಡಲು ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ಕರ್ಚೀಫ್ ಬಿಚ್ಚಿ, ನೋಟು ಎಣಿಸತೊಡಗಿದೆ. ಮಗಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಪ್ಪಾ, ನೀನು ಪಕ್ಕಾ ಬೂಮರ್!"

ನನಗೆ ಖುಷಿಯೇ ಆಯಿತು. ನಮ್ಮ ಪಾಲಿಗೆ ಬೂಮರ್ ಅಂದ್ರೆ ಚೂಯಿಂಗ್ ಗಮ್. ಅದರ ಜಾಹೀರಾತಿನಲ್ಲಿ ಬರುತ್ತಿದ್ದ ಬೂಮರ್ ಮ್ಯಾನ್ ನೆನಪಾಗಿ, ಹೊಟ್ಟೆ ಒಳಗೆಳೆದುಕೊಂಡು ಮನೆವರೆಗೂ ನಡೆದೆ.

ಸುಮ್ನೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಭಾನುವಾರ ಸಕಲೇಶಪುರದಲ್ಲಿ ಹೆಂಡತಿಯ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. 70 ದಾಟಿದ್ದರೂ ಏಣಿ ಹತ್ತಿ ಮೆಣಸು ಕೊಯ್ಯುವ ಆಸಾಮಿ. ಊಟಕ್ಕೆ ಕೂತಾಗ ಎಲ್ಲರೆದುರು ಹೊಗಳಿದೆ, "ಮಾವ, ಬೂಮರ್ ಅಂದ್ರೆ ನೀವು ಬಿಡಿ!"

ಮಕ್ಕಳೆಲ್ಲ ಕಿಸಕ್ಕೆಂದರು. ಮೊಮ್ಮಗ ಅಜ್ಜನ ಕಿವಿಯಲ್ಲಿ ಅರ್ಥ ಊದಿದ. ಕಡುಬಿನ ಪಾತ್ರೆ ನನ್ನ ಕಡೆ ಮತ್ತೆ ಬರಲಿಲ್ಲ.

ವಾಪಸು ಬರುವಾಗ ಬಾಳ್ಳುಪೇಟೆವರೆಗೂ ಹೆಂಡತಿ ಮಾತಾಡಲಿಲ್ಲ. ಮಗಳೇ ಪಾಠ ಮಾಡಿದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ತೊಟ್ಟಿಲುಗಳಿಗೆ ಸುಗ್ಗಿ. 1946ರಿಂದ 1964ರೊಳಗೆ ಹುಟ್ಟಿದವರು ಬೇಬಿ ಬೂಮರ್‌ಗಳು. ಈಗ ಹಳೇ ಬುದ್ಧಿಯವರಿಗೆಲ್ಲ ಅದೇ ಹೆಸರು. 2019ರಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ 25ರ ಸಂಸದೆಯೊಬ್ಬರು, ಮಧ್ಯೆ ಬಾಯಿ ಹಾಕಿದ ಹಿರಿಯರಿಗೆ "ಓಕೆ ಬೂಮರ್" ಎಂದು ಭಾಷಣ ಮುಂದುವರಿಸಿದ್ದರಂತೆ. ನಮ್ಮಲ್ಲಿ ಇದಕ್ಕೆ 'ಓಬೀರಾಯನ ಕಾಲದವನು' ಅನ್ನುವ ಮಾತು ಇದ್ದೇ ಇತ್ತು. ಓಬೀರಾಯ ಯಾವತ್ತು ಹುಟ್ಟಿದ ಅಂತ ಯಾರೂ ಕೇಳುತ್ತಿರಲಿಲ್ಲ. ಬೈಸಿಕೊಂಡವನಿಗೂ ರಾಯನ ಪಕ್ಕ ಒಂದು ಜಾಗ ಸಿಗುತ್ತಿತ್ತು.

ನಾನು ಬಿಡಲಿಲ್ಲ. "ನೋಡು ಪುಟ್ಟಿ, ನಾನು ಹುಟ್ಟಿದ್ದು 1974. ಮಾವ 1952. ಲೆಕ್ಕದ ಪ್ರಕಾರ ಅವರೇ ಬೂಮರ್, ನಾನಲ್ಲ."

"ಹೀಗೆ ಕೂತು ಲೆಕ್ಕ ಹಾಕೋರನ್ನೇ ಅಪ್ಪಾ ಬೂಮರ್ ಅನ್ನೋದು."

ಪ್ರತಿ ವರ್ಷ ಮಾವನ ತೋಟದಿಂದ 2 ಕಿಲೋ ಮೆಣಸು ಪುಕ್ಕಟೆ ಬರುತ್ತಿತ್ತು. ಈ ಸಲ ಬರಲಿಲ್ಲ. ನಾನೇ ನಾಚಿಕೆ ಬಿಟ್ಟು ಫೋನ್ ಮಾಡಿದೆ.

"ಕಟ್ಟಿ ಇಟ್ಟಿದೀನಿ ಅಳಿಯಂದ್ರೇ," ಅಂದರು. "ಕ್ಯೂಆರ್ ಕೋಡ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ. ಕರ್ಚೀಫಲ್ಲಿ ಕಟ್ಟಿರೋ ನೋಟು ನಾವು ತಗೊಳಲ್ಲ."