ಬೇರೆಯವರ ಪಾಲಿನ ರೇಡಿಯೋ

ಮಂಗಳೂರಿನಲ್ಲಿ ಮೀನಿಗೆ ಚೌಕಾಸಿ ಮಾಡುವುದು ತುಳುವಿನಲ್ಲಿ, ಬಟ್ಟೆಯಂಗಡಿಯಲ್ಲಿ ಕೊಂಕಣಿ, ಬಂದರಿನ ಓಣಿಯಲ್ಲಿ ಬ್ಯಾರಿ, ಮಾಷ್ಟ್ರ ಎದುರು ಮಾತ್ರ ಪುಸ್ತಕದ ಕನ್ನಡ. ಇದನ್ನು ಯಾರೂ ದೊಡ್ಡ ವಿದ್ಯೆ ಎಂದುಕೊಂಡಿಲ್ಲ. ಇಂಥ ಊರಲ್ಲಿ 1976ರಲ್ಲಿ ಆಕಾಶವಾಣಿ ಶುರುವಾದಾಗ ಹೊತ್ತು ಹಂಚುವುದೆಂದರೆ ಕೂಡುಕುಟುಂಬದ ಪಾಲುಪಟ್ಟಿ ಬರೆದ ಹಾಗೆಯೇ ಆಗಿರಬೇಕು. ದೊಡ್ಡ ಪಾಲು ಕನ್ನಡಕ್ಕೆ. ತುಳು, ಕೊಂಕಣಿ, ಬ್ಯಾರಿಗಳಿಗೆ ಅವರವರ ಹೊತ್ತು.

ಪಾಲಾದರೂ ತಕರಾರು ಮುಗಿಯುತ್ತದೆಯೇ? ಕೊಂಕಣಿಯನ್ನೇ ನೋಡಿ. ಸಾರಸ್ವತರ ಧಾಟಿ ಒಂದು, ಕ್ರೈಸ್ತರದ್ದು ಇನ್ನೊಂದು. ಇಬ್ಬರಿಗೂ ರೇಡಿಯೋ ಒಂದೇ. ಕಾರ್‌ಸ್ಟ್ರೀಟಿನ ಸಾರಸ್ವತ ಮಾಮ್ "ಇದೆಂಥ ಕೊಂಕಣಿ ಮಾರಾಯ" ಎಂದು ಗೊಣಗುತ್ತಾರೆಯೇ ಹೊರತು ರೇಡಿಯೋ ಬಂದ್ ಮಾಡುವುದಿಲ್ಲ. ಗೊಣಗಲಿಕ್ಕಾದರೂ ಪೂರ್ತಿ ಕೇಳಬೇಕಲ್ಲ.

ನನಗಂತೂ ನಮ್ಮ ಪಾಲಿನ ಹೊತ್ತಿಗಿಂತ ಬೇರೆಯವರ ಪಾಲೇ ಹೆಚ್ಚು ರುಚಿ. ನಮ್ಮದೇ ಭಾಷೆಯಾದರೆ ಕಿವಿ ತಪ್ಪು ಹುಡುಕಲು ಕೂರುತ್ತದೆ. ಬ್ಯಾರಿ ಹಾಡು ಬಂತೆನ್ನಿ, ನಾಲ್ಕು ಪದ ಮಲಯಾಳದ ಹಾಗೆ, ಎರಡು ತುಳುವಿನ ಹಾಗೆ ಕೇಳಿಸುತ್ತವೆ; ಮಿಕ್ಕದ್ದನ್ನು ಊಹಿಸಿಕೊಳ್ಳುವಷ್ಟರಲ್ಲಿ ಇಡೀ ತೆಂಗಿನಕಾಯಿ ತುರಿದು ಮುಗಿದಿರುತ್ತದೆ. ತುಳುವಿನ ಕಥೆಹಾಡು ಪಾಡ್ದನವೂ ಅಷ್ಟೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು "ಓ ಬೇಲೆ" ಎಂದು ಸೊಲ್ಲು ಹಿಡಿಯುತ್ತಾರೆ. ಹಾಡುವವರು ತಂಪು ಸ್ಟುಡಿಯೋದಲ್ಲಿ ಕೂತಿದ್ದರೂ ದನಿ ಮಾತ್ರ ನಾಟಿಗದ್ದೆಯದ್ದೇ, ಬಾಗಿದ ಬೆನ್ನಿನದ್ದು. ಅದಕ್ಕೆ ಅರ್ಥ ಯಾಕೆ ಬೇಕು?

ಬೆಳಗಿನ 6.55ರ ಸಂಸ್ಕೃತ ವಾರ್ತೆಯಂತೂ ಯಾರ ಪಾಲಿನದ್ದೂ ಅಲ್ಲ. ಆದರೂ "ಇಯಮ್ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್" ಎಂಬುದು ಎಲ್ಲ ಜಾತಿಯ ಮಕ್ಕಳಿಗೂ ಬಾಯಿಪಾಠ. ಎರಡನೆಯ ಸಾಲು ಕೇಳಬೇಡಿ.

ಇನ್ನೊಂದು ಮಜಾ ಇದೆ. ನಮ್ಮ ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮೂರನ್ನೂ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಮೈಕಿನ ಮುಂದಿನ ಹಾಳೆ ದೂರದಿಂದ ನೋಡಿದರೆ ಕನ್ನಡ. ಬಾಯಿ ತೆರೆದ ಮೇಲೆಯೇ ಯಾವ ಭಾಷೆ ಎಂದು ತಿಳಿಯುವುದು. ಮಾನ್ಯ ಭಾಷೆಗಳ ಪಟ್ಟಿ ಇರುವ ಸಂವಿಧಾನದ ಎಂಟನೇ ಪರಿಚ್ಛೇದ ಇಷ್ಟು ಉದಾರಿಯಲ್ಲ. ಕೊಂಕಣಿ 1992ರಲ್ಲಿ ಒಳಗೆ ಹೋಯಿತು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೆಂದು ಬರೆಸಿದ ತುಳುವಿಗೆ ಮನವಿಪತ್ರ ಬರೆಯುವುದೇ ಕೆಲಸವಾಗಿದೆ. ಮೈಕಿಗೆ ಈ ಪರಿಚ್ಛೇದದ ಸುದ್ದಿ ಮುಟ್ಟಿಲ್ಲ, ಪುಣ್ಯ.

ಪಾಲುಪಟ್ಟಿ ನಿಜವಾಗಿ ಹರಿದುಹೋಗುವುದು ಫೋನ್-ಇನ್ ಕಾರ್ಯಕ್ರಮದಲ್ಲಿ. ಬಂಟ್ವಾಳದ ಕಡೆಯ ಅಕ್ಕ "ನಮಸ್ಕಾರ, ತಾವು ಆರೋಗ್ಯವೇ?" ಎಂದು ಅಚ್ಚ ಕನ್ನಡದಲ್ಲೇ ಶುರು ಮಾಡುತ್ತಾರೆ. ಮಳೆಯ ಮಾತು ಬಂದಾಗ ಭಾಷೆ ಸ್ವಲ್ಪ ಜಾರುತ್ತದೆ, ಅಡಿಕೆಯ ಕೊಳೆರೋಗಕ್ಕೆ ಬರುವಾಗ ಪೂರಾ ತುಳು. ಉದ್ಘೋಷಕಿಯೂ ತುಳುವಿನಲ್ಲೇ ಸುಖದುಃಖ ವಿಚಾರಿಸಿ, ಇದು ಕನ್ನಡದ ಹೊತ್ತು ಎಂದು ನೆನಪಾಗಿ, ಗಂಟಲು ಸರಿಮಾಡಿಕೊಂಡು, "ತಮಗೆ ಯಾವ ಹಾಡು ಬೇಕಿತ್ತು?" ಎನ್ನುತ್ತಾರೆ.

"ಏವ್ ಆಂಡಲಾ ಆವು ಅಕ್ಕ, ಯಾವುದಾದ್ರೂ ಹಾಕಿ."