ಮಗ ಕಚ್ಚಿದ, ಯಾರನ್ನು ಅಂತ ಅವರು ಹೇಳಲಿಲ್ಲ

ಬರ್ಲಿನ್‌ನಲ್ಲಿ ಚಿಕ್ಕಮಕ್ಕಳ ಡೇಕೇರ್‌ಗೆ ‘ಕೀಟಾ’ ಅನ್ನುತ್ತಾರೆ. ಮಗನನ್ನು ಅಲ್ಲಿಗೆ ಸೇರಿಸಿದ ದಿನ ಹಾವೇರಿಗೆ ಫೋನ್ ಮಾಡಿ ಹೇಳಿದೆ. ನಮ್ಮವ್ವ ಒಂದು ಗಳಿಗೆ ಸುಮ್ಮನಾದಳು. ಆಮೇಲೆ, “ಕೂಸಿನ್ನ ಕೀಟದಾಗ ಬಿಟ್ಟು ಬಂದೀಯೇನಪಾ?” ಅಂದಳು. ಮೂರು ತಿಂಗಳಾದ ಮೇಲೆ ನೋಡಿದರೆ, ಅಲ್ಲಿ ಕಚ್ಚುವ ಕೀಟ ನಮ್ಮ ಮಗನೇ ಆಗಿದ್ದ.

ನವೆಂಬರ್ ತಿಂಗಳು. ಇಲ್ಲಿ ಆಗ ಸಂಜೆ ನಾಲ್ಕೂವರೆಗೇ ಕತ್ತಲು. ಕರೆದುಕೊಂಡು ಬರಲು ಹೋದಾಗ ಟೀಚರ್ ಬಾಗಿಲಲ್ಲೇ ನಿಲ್ಲಿಸಿದರು. “ಇವತ್ತು ಒಂದು ಮಗುವಿಗೆ ಕಚ್ಚಿದ. ತೋಳಿಗೆ. ಚರ್ಮ ಹರಿದಿಲ್ಲ. ತೊಳೆದು, ತಣ್ಣಗಿನ ಪಟ್ಟಿ ಇಟ್ಟಿದ್ದೇವೆ, ಪುಸ್ತಕದಲ್ಲಿ ಬರೆದಿದ್ದೇವೆ” ಅಂದರು. ಯಾರಿಗೆ ಅಂತ ಕೇಳಿದೆ. ತಲೆಯಾಡಿಸಿದರು. “ಅದನ್ನು ಹೇಳುವುದಿಲ್ಲ. ಎಷ್ಟು ಹೊತ್ತಿಗೆ ಅಂತ ಬೇಕಾದರೆ ಹೇಳುತ್ತೇನೆ. 11:15ಕ್ಕೆ, ಊಟಕ್ಕೆ ಮುಂಚೆ, ಕೈ ತೊಳೆಯುವ ಸಾಲಿನಲ್ಲಿ.”

ನನಗೆ ಹೊತ್ತು ಬೇಕಿರಲಿಲ್ಲ. ಹೆಸರು ಬೇಕಿತ್ತು. ಆ ಮನೆಗೆ ಹಣ್ಣು ಹಿಡಿದುಕೊಂಡು ಹೋಗಿ ತಪ್ಪಾಯಿತು ಅಂತ ಹೇಳಿ ಬರಬೇಕು ಅನ್ನಿಸಿತು. ನಾವು ಬೆಳೆದದ್ದೇ ಹಾಗೆ ಅಲ್ವಾ? ನಮ್ಮ ಓಣಿಯಲ್ಲಾಗಿದ್ದರೆ ಆ ತಾಯಿಯೇ ಮಗುವನ್ನು ಬಗಲಲ್ಲಿ ಎತ್ತಿಕೊಂಡು ಬಂದು, “ನೋಡ್ರಿ ವೈನಿ, ನಿಮ್ಮ ಹುಡುಗ ಹೆಂಗ ಕಚ್ಚ್ಯಾನ” ಅಂತ ಕಟ್ಟೆ ಮೇಲೆ ಕೂರುತ್ತಿದ್ದಳು. ಒಂದು ಕಪ್ ಚಹಾ ಆಗುವಷ್ಟರಲ್ಲಿ ಜಗಳವೂ ಮುಗಿಯುತ್ತಿತ್ತು, ಎರಡೂ ಮಕ್ಕಳು ಅದೇ ಕಟ್ಟೆ ಮೇಲೆ ಆಡುತ್ತಿದ್ದವು. ಇಲ್ಲಿ ನಾನು ಎರಡು ವಾರ, ಕೋಟು ತೂಗುಹಾಕುವ ಕೋಣೆಯಲ್ಲಿ ಯಾರಾದರೂ ನಗದೆ ಹೋದರೆ, ಇವರದೇ ಮಗು ಇರಬೇಕು ಅಂದುಕೊಳ್ಳುತ್ತಾ ತಿರುಗಿದೆ.

ಊರಿಗೆ ಸುದ್ದಿ ಮುಟ್ಟಿದ ಕೂಡಲೇ ಸಲಹೆ ಶುರುವಾಯಿತು. “ನೀನೂ ಒಮ್ಮೆ ಕಚ್ಚು, ನೋವು ಗೊತ್ತಾಗ್ಲಿ” ಅಂದರು ಒಬ್ಬರು. ದೊಡ್ಡಪ್ಪ, “ತುಟಿಗೆ ಸ್ವಲ್ಪ ಖಾರ ಹಚ್ಚು” ಅಂದರು. ಬ್ಯಾಡಗಿ ಪಕ್ಕದವರು, ಅವರಿಗೆ ಎಲ್ಲದಕ್ಕೂ ಮೆಣಸಿನಕಾಯಿಯೇ ಮದ್ದು. ಅವ್ವ ಮಾತ್ರ, “ಹುಡುಗ್ರು ಅಂದ್ರ ಹಂಗ. ಕಚ್ಚಬಾರ್ದು ಅಂದ್ರ ದೇವ್ರು ಹಲ್ಲರ ಯಾಕ ಕೊಡ್ತಿದ್ದ?” ಅಂದಳು. ಅವಳ ಮಾತೇ ಎಲ್ಲಕ್ಕಿಂತ ಸರಿ ಅಂತ ಆಮೇಲೆ ಗೊತ್ತಾಯಿತು. ಕೆನಡಾದ ರಿಚರ್ಡ್ ಟ್ರೆಂಬ್ಲೆ ಅನ್ನುವ ಸಂಶೋಧಕರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋದರು. ಮನುಷ್ಯ ಅತಿ ಹೆಚ್ಚು ಹೊಡೆಯುವುದು, ತಳ್ಳುವುದು, ಕಚ್ಚುವುದು ಹರೆಯದಲ್ಲಲ್ಲ, ಎರಡು ಮೂರು ವರ್ಷದ ಆಸುಪಾಸಿನಲ್ಲಿ ಅನ್ನುವುದು ಅವರಿಗೆ ಕಂಡದ್ದು. ಹೊಡೆಯುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಹೊಡೆಯದೆ ಇರುವುದನ್ನು ನಿಧಾನಕ್ಕೆ ಕಲಿಯುತ್ತವೆ.

ಖಾರದ ಮಾತನ್ನು ಇಲ್ಲಿ ಯಾರಿಗೂ ಹೇಳಲು ಹೋಗಲಿಲ್ಲ. ಜರ್ಮನಿಯಲ್ಲಿ 2000ನೇ ಇಸವಿಯಿಂದ, ಹೊಡೆತ ಬಡಿತವಿಲ್ಲದೆ ಬೆಳೆಯುವುದು ಮಗುವಿನ ಹಕ್ಕು ಅಂತ ಕಾನೂನಿನಲ್ಲೇ ಬರೆದಿದೆ. ಅದು ಶಾಲೆಗಷ್ಟೇ ಅಲ್ಲ, ಮನೆಗೂ ಸೇರಿ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯಬಾರದು ಅನ್ನುತ್ತದೆ, ಆದರೆ ಅದು ಆರರಿಂದ ಹದಿನಾಲ್ಕು ವರ್ಷದವರಿಗೆ. ಒಂದೂವರೆ ವರ್ಷದ ಕೂಸು ಆ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ಬಂದ ಮೇಲೆ ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಂಪನಿಗಳು ಮಕ್ಕಳ ಪಾಲನೆಗೆ ವ್ಯವಸ್ಥೆ ಮಾಡಬೇಕಲ್ಲ, ಅವಳ ಆಫೀಸಿನವರು ಹತ್ತಿರದ ಒಂದು ಡೇಕೇರ್ ಗೊತ್ತು ಮಾಡಿಕೊಟ್ಟಿದ್ದರು. ಅಲ್ಲಿ ಮೂಲೆಮೂಲೆಗೂ ಕ್ಯಾಮೆರಾ. ತಾಯಂದಿರು ಮೀಟಿಂಗ್‌ನಲ್ಲಿ ಕೂತು ಫೋನಿನಲ್ಲಿ ಮಗುವನ್ನು ನೋಡಬಹುದು. ಒಂದು ದಿನ ಅವಳ ಮಗಳು ಇನ್ನೊಂದು ಮಗುವಿನ ಕೆನ್ನೆಗೆ ಬಾಯಿ ಹಾಕಿದಳು. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು, ಮಗುವಿನ ಸುತ್ತ ಕೆಂಪು ಸುತ್ತು ಹಾಕಿ, ಪೇರೆಂಟ್ಸ್ ವಾಟ್ಸಾಪ್ ಗುಂಪಿಗೆ ಬಿಟ್ಟರು. ‘ಯಾರ ಮಗು ಇದು?’ ಎರಡು ದಿನಕ್ಕೆ ಡೇಕೇರ್‌ನಿಂದ ಫೋನ್. “ಮೇಡಂ, ಎಲ್ಲರೂ ಕಂಪ್ಲೇಂಟ್ ಮಾಡ್ತಿದ್ದಾರೆ. ಸ್ವಲ್ಪ ದಿನ ಮನೇಲೇ ಇಟ್ಕೊಳ್ಳಿ.”

ಎರಡು ವರ್ಷ ತುಂಬದ ಕೂಸಿನ ಸುತ್ತ ಕೆಂಪು ಸುತ್ತು! ಅದನ್ನು ಕೇಳಿದ ಮೇಲೆ ಇಲ್ಲಿಯವರ ಗುಟ್ಟಿನ ಮೇಲೆ ನನಗಿದ್ದ ಸಿಟ್ಟು ಅರ್ಧಕ್ಕೆ ಇಳಿಯಿತು. ಇಲ್ಲಿ ಕ್ಯಾಮೆರಾದ ಮಾತೆತ್ತಿದರೆ ಹೌಹಾರುತ್ತಾರೆ. ಹುಟ್ಟುಹಬ್ಬದ ಫೋಟೋ ತೆಗೆಯಲಿಕ್ಕೂ ನಮ್ಮಿಂದ ಮೊದಲೇ ಸಹಿ ಹಾಕಿಸಿಕೊಂಡಿದ್ದಾರೆ.

ಆದರೆ ತಂಗಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಮಗಳ ಬ್ಯಾಗು ತರಲು ಹೋದ ದಿನ ಅಲ್ಲಿಯ ಆಯಾ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದಳಂತೆ. “ಅಕ್ಕಾ, ಪಾಪು ಕಚ್ಚೋದು ನಿದ್ದೆ ಬಂದಾಗ ಮಾತ್ರ. ನನ್ ಕೈಗೆ ಕೊಟ್ರೆ ಭುಜದ ಮೇಲೆ ಹಾಕ್ಕೊಂಡು ಮಲಗಿಸಿಬಿಡ್ತೀನಿ. ಆದ್ರೆ ಟೈಮ್ ಟೇಬಲ್‌ನಲ್ಲಿ ಆಗ ರೈಮ್ಸ್ ಇರುತ್ತೆ.” ಬರ್ಲಿನ್‌ನ ಟೀಚರ್ ವರ್ಷಗಟ್ಟಲೆ ಓದಿ, ಕಾಗದದ ಮೇಲೆ ಹೊತ್ತು ಗೊತ್ತು ಬರೆದಿಟ್ಟು ಕಂಡುಕೊಂಡದ್ದನ್ನು ಇವಳು ಬರಿಗಣ್ಣಲ್ಲಿ ಕಂಡಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಆ ಡೇಕೇರ್‌ನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವಳದೇ ಇರಬೇಕು.

ಇಲ್ಲಿ ಏನು ಮಾಡಿದರು ಹೇಳುತ್ತೇನೆ. ಮೊದಲಿಗೆ, ಏನನ್ನು ಮಾಡಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಸಾರಿ ಹೇಳಿಸಲಿಲ್ಲ. ನಮ್ಮ ಮನೆಗಳಲ್ಲಿ ‘ಸಾರಿ ಹೇಳು, ಸಾರಿ ಹೇಳು’ ಅಂತ ಬೆನ್ನು ಹತ್ತುತ್ತೇವಲ್ಲ, ಇಪ್ಪತ್ತು ತಿಂಗಳ ಮಗುವಿಗೆ ಸಾರಿ ಅಂದರೆ ಹೆದ್ದಾರಿಯ ಟೋಲ್ ಇದ್ದಂತೆ. ಕಟ್ಟಿದರೆ ಮುಂದೆ ಹೋಗಲು ಬಿಡುತ್ತಾರೆ. ಇವರು ಮೊದಲು ಕಚ್ಚಿಸಿಕೊಂಡ ಮಗುವಿನ ಹತ್ತಿರ ಹೋದರು. ನಮ್ಮವನಿಗೆ ಕಣ್ಣಲ್ಲಿ ಕಣ್ಣಿಟ್ಟು ‘ಕಚ್ಚಬಾರದು, ಅವಳಿಗೆ ನೋವಾಗಿದೆ’ ಅಂತ ಒಂದೇ ಮಾತು ಹೇಳಿದರು. ಆಮೇಲೆ ತಣ್ಣಗಿನ ಪಟ್ಟಿಯನ್ನು ತಂದುಕೊಡಲು ಅವನನ್ನೇ ಕಳಿಸಿದರಂತೆ. ಇದನ್ನು ಹೇಳುವಾಗ ಬಾಯಿತಪ್ಪಿ ‘ಅವಳಿಗೆ’ ಅಂದುಬಿಟ್ಟರು ನೋಡಿ, ಕಚ್ಚಿಸಿಕೊಂಡದ್ದು ಹುಡುಗಿ ಅಂತ ನನಗೆ ಗೊತ್ತಾದದ್ದು ಹಾಗೆ.

ಆಮೇಲೆ ಮಗುವನ್ನು ಬಿಟ್ಟು ಹೊತ್ತನ್ನು ಸರಿಮಾಡಿದರು. 11:15ರ ಸಾಲಿನಲ್ಲಿ ಹನ್ನೆರಡು ಮಕ್ಕಳು ಒಂದೇ ನಲ್ಲಿಗೆ ನಿಲ್ಲುತ್ತಿದ್ದರು. ಅದನ್ನು ಮೂರು ಮೂರು ಮಕ್ಕಳ ಗುಂಪು ಮಾಡಿದರು. ಇವನನ್ನು ಮೊದಲ ಗುಂಪಿಗೆ ಹಾಕಿದರು. ಅದಕ್ಕೂ ಅರ್ಧ ಗಂಟೆ ಮುಂಚೆ ಒಂದಿಷ್ಟು ಸೇಬಿನ ಹೋಳು ಕೊಟ್ಟರು. ಹಸಿವು, ನೂಕುನುಗ್ಗಲು ಎರಡೂ ಕಡಿಮೆಯಾದವು. ಮಕ್ಕಳ ಡಾಕ್ಟರ್ ಹತ್ತಿರವೂ ಕೇಳಿ ಅಂದರು. ಇಲ್ಲಿ ಎರಡು ವರ್ಷದ ಹೊತ್ತಿಗೆ ಒಂದು ತಪಾಸಣೆ ಇರುತ್ತದೆ, ಯು7 ಅಂತ. ಡಾಕ್ಟರ್ ಕಿವಿ ಸರಿ ಕೇಳುತ್ತದಾ ಅಂತ ನೋಡಿದರು. ಎಷ್ಟು ಪದ ಹೇಳುತ್ತಾನೆ ಅಂತ ಕೇಳಿ, ಕನ್ನಡದ್ದೂ ಜರ್ಮನ್‌ದೂ ಕೂಡಿಸಿ ಎಣಿಸಿ ಅಂದರು. ಎಣಿಸಿದರೆ ಕನ್ನಡದ್ದು ಬೇಕಾದಷ್ಟಿತ್ತು. ಜರ್ಮನ್ ನಾಲ್ಕೈದು.

ಅಲ್ಲಿ ನಮಗೆ ಬುದ್ಧಿ ಹೊಳೆಯಿತು. ಇವನು ಇಡೀ ದಿನ ಅಲ್ಲಿ ಮಾತಾಡುತ್ತಲೇ ಇದ್ದಾನೆ. ಯಾರಿಗೂ ತಿಳಿಯುತ್ತಿಲ್ಲ. ಹೆಂಡತಿ ಒಂದು ಹಾಳೆಯಲ್ಲಿ ಕನ್ನಡ ಪದಗಳನ್ನು ಅವರ ಲಿಪಿಯಲ್ಲಿ ಬರೆದು ಕೊಟ್ಟಳು. ನೀರು, ಸಾಕು, ನಂದು, ಒಲ್ಲೆ. ಕಕ್ಕ ಬರೆಯಬೇಕಾಗಲಿಲ್ಲ, ಜರ್ಮನ್ ಮಕ್ಕಳೂ ಅದಕ್ಕೆ ಅದನ್ನೇ ಅನ್ನುತ್ತಾರೆ. ಹಾಳೆ ಓದುತ್ತಾ ಟೀಚರ್ ‘ಒಲ್ಲೆ’ಗೆ ಬಂದವರೇ ಜೋರಾಗಿ ನಕ್ಕರು. ಬರ್ಲಿನ್ ಬೀದಿಮಾತಿನಲ್ಲಿ ಒಲ್ಲೆ ಅಂದರೆ ಮುದುಕಿ. ಸ್ವಲ್ಪ ಅಗೌರವದ ಮಾತು. ಕೈ ಒರೆಸಲು ಹೋದಾಗಲೆಲ್ಲ ಇವನು ತಮ್ಮನ್ನು ಮುದುಕಿ ಮುದುಕಿ ಅಂತ ಬೈಯುತ್ತಿದ್ದಾನೆ, ಮನೆಯಲ್ಲಿ ಯಾರು ಕಲಿಸಿದರೋ ಅಂದುಕೊಂಡಿದ್ದರಂತೆ!

ಮರುದಿನದಿಂದ ಅವರು ಇವನ ಪರವಾಗಿ ಮಾತಾಡತೊಡಗಿದರು. ಯಾರಾದರೂ ಇವನ ಲಾರಿಗೆ ಕೈ ಹಾಕಿದಾಗ ಇವನು ಒಲ್ಲೆ ಅಂದರೆ, ‘ನೋಡು, ಬೇಡ ಅನ್ನುತ್ತಿದ್ದಾನೆ’ ಅಂತ ಆ ಮಗುವಿಗೆ ಹೇಳುತ್ತಿದ್ದರು. ಅಂಗೈ ಮುಂದೆ ಚಾಚಿ ‘ಸ್ಟಾಪ್’ ಅನ್ನುವುದನ್ನು ಎಲ್ಲ ಮಕ್ಕಳಿಗೂ ಕಲಿಸುತ್ತಾರೆ, ಇವನಿಗೂ ಕಲಿಸಿದರು. ಡಿಸೆಂಬರ್‌ನಲ್ಲಿ ಇನ್ನೆರಡು ಸಲ ಕಚ್ಚಿದ. ಫೆಬ್ರವರಿ ಹೊತ್ತಿಗೆ ನಿಂತುಹೋಯಿತು. ಅವರ ಉಪಾಯದಿಂದಲೋ, ಮಾತು ಬಂದದ್ದರಿಂದಲೋ, ಸುಮ್ನೆ ವಯಸ್ಸು ದಾಟಿದ್ದರಿಂದಲೋ, ಪ್ರಮಾಣ ಮಾಡಿ ಹೇಳಲಾರೆ.

ಇಷ್ಟಾದರೂ ಜರ್ಮನ್ ದಾರಿಯೇ ಮೇಲು ಅಂತ ನಾನು ಬರೆದುಕೊಡುವುದಿಲ್ಲ. ಮಗು ಅತ್ತರೆ ಎತ್ತಿಕೊಳ್ಳಲು ಇಲ್ಲಿ ನಾಲ್ಕು ಮಡಿಲಿಲ್ಲ. ನಮ್ಮ ಜೊತೆ ಕೂತು ಮಾತಾಡಲು ಅವರು ದಿನಾಂಕ ಕೊಟ್ಟದ್ದು ಎರಡು ವಾರದ ನಂತರ. ಆ ಹುಡುಗಿಯ ತಾಯಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಎರಡೂ ಮನೆಯವರನ್ನು ಕೇಳಿ, ಒಪ್ಪಿದರೆ ಭೇಟಿ ಮಾಡಿಸಬಹುದಿತ್ತು. ಗುಟ್ಟು ಮಗುವನ್ನು ಕಾಪಾಡುತ್ತದೆ, ನಿಜ. ದೊಡ್ಡವರನ್ನು ಒಬ್ಬಂಟಿ ಮಾಡುತ್ತದೆ.

ಆದರೆ ನನ್ನನ್ನು ಕಾಡಿದ್ದು ಬೇರೆ. ಟೀಚರಿಗೆ ‘ಒಲ್ಲೆ’ ತಿಳಿಯುತ್ತಿರಲಿಲ್ಲ, ಅದಕ್ಕೆ ಕಚ್ಚಿದ ಅನ್ನೋಣ. ನಮಗೆ ತಿಳಿಯುತ್ತಿತ್ತಲ್ಲ? ಮನೆಯಲ್ಲಿ ಇವನು ಒಲ್ಲೆ ಅಂದಾಗ ನಾವು ಏನು ಮಾಡುತ್ತಿದ್ದೆವು? ಇನ್ನೊಂದು ತುತ್ತು ತುರುಕುತ್ತಿದ್ದೆವು. ‘ಕಾಗೆ ನೋಡು’ ಅಂತ ತೋರಿಸಿ ಬಾಯಿ ತೆರೆಸುತ್ತಿದ್ದೆವು. ಬಂದವರು ಕೆನ್ನೆ ಹಿಂಡಿದರೆ, ಅವನು ಮುಖ ತಿರುಗಿಸಿದರೂ, ‘ಅಂಕಲ್‌ಗೆ ಮುತ್ತು ಕೊಡು’ ಅಂತ ಮುಂದೆ ತಳ್ಳುತ್ತಿದ್ದೆವು. ಎಡವಿ ಬಿದ್ದರೆ ನೆಲಕ್ಕೆ ಪಟಪಟ ಹೊಡೆದು, ‘ನೆಲ ಕೆಟ್ಟದು, ನೀನೂ ಹೊಡಿ’ ಅನ್ನುತ್ತಿದ್ದೆವು. ನೋವಾದರೆ ಎದುರಿಗಿದ್ದುದಕ್ಕೆ ಹೊಡೆಯಬೇಕು ಅನ್ನುವ ಪಾಠವನ್ನು ನಾನೇ ಮಾಡಿ, ಕೀಟಾದಲ್ಲಿ ಹೊಡೆಯಬೇಡ ಅಂದರೆ ಅವನು ಏನು ತಿಳಿದುಕೊಳ್ಳಬೇಕು?

“ಹಂಗ ಬೆಳದು ನೀ ಏನ ಕೆಟ್ಟೀ?” ಅನ್ನುತ್ತಾಳೆ ಅವ್ವ. ಕೆಟ್ಟಿಲ್ಲ. ಆದರೆ ಐದು ಗಂಟೆ ಮೇಲೆ ಮೀಟಿಂಗ್ ಇಟ್ಟರೆ ಇಡೀ ಆಫೀಸಿನಲ್ಲಿ ‘ಆಗುವುದಿಲ್ಲ’ ಅನ್ನಲು ಬಾಯಿ ಬರದವನು ನಾನೊಬ್ಬನೇ.

ಹೋದ ಬೇಸಿಗೆಯಲ್ಲಿ ಅವ್ವ ಇಲ್ಲಿಗೆ ಬಂದಿದ್ದಳು. ಬಂದ ಮೂರನೇ ದಿನ ಹೋಳಿಗೆ ಮಾಡಿದಳು. ಮೊಮ್ಮಗನನ್ನು ಕಾಲ ಮೇಲೆ ಕೂರಿಸಿಕೊಂಡು ತುಪ್ಪದಲ್ಲಿ ಅದ್ದಿ ಅದ್ದಿ ತಿನ್ನಿಸುತ್ತಿದ್ದಳು. ಐದಾರು ತುತ್ತು ತಿಂದ. ಏಳನೆಯದಕ್ಕೆ ಅಂಗೈ ಚಾಚಿ, “ಸ್ಟಾಪ್. ಅಜ್ಜಿ, ಒಲ್ಲೆ” ಅಂದ.

ಅವ್ವನ ಕೈ ಹಾಗೇ ನಿಂತಿತು. ನನ್ನ ಮುಖ ನೋಡಿದಳು. “ಇದನ್ನ ಕೀಟದಾಗ ಕಲಿಸ್ಯಾರೇನು?” ಹೌದು ಅಂದೆ. ಇನ್ನೊಮ್ಮೆ ಅವನ ಬಾಯಿಯ ತನಕ ಒಯ್ದಳು. ಅವನು ಅಂಗೈ ಇಳಿಸಲಿಲ್ಲ. “ಹೋಗ್ಲಿ ಬಿಡು” ಅಂತ ಆ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಳು.